ಎಂಡೋಸ್ಕೋಪಿ ಅಂದ್ರೆ ಭಯ ಯಾಕೆ, ಮಂಪರು ಇಂಜೆಕ್ಷನ್ ಎಲ್ಲಿಂದ ಬಂತು

ಎಂಡೋಸ್ಕೋಪಿ, ಅಂದ್ರೆ ಪೈಪ್ ಇಳಿಸಿ ಹೊಟ್ಟೆಯೊಳಗೆ ನೋಡೋ ಟೆಸ್ಟ್, ಮಾಡಿಸ್ಬೇಕು ಅಂತ ಡಾಕ್ಟರ್ ಹೇಳಿದ್ರೆ ತುಂಬಾ ಜನ ಮೊದ್ಲು ಕೇಳೋದು "ಮಂಪರು ಕೊಡ್ತೀರಾ?" ಅಂತ. ಕೆಲವು ಕಡೆ ಗಂಟಲಿಗೆ ಮರಗಟ್ಟೋ ಸ್ಪ್ರೇ ಹೊಡೆದು ಪೈಪ್ ಇಳಿಸ್ತಾರೆ, ಕೆಲವು ಕಡೆ ಪೂರ್ತಿ ನಿದ್ದೆ ಬರ್ಸ್ತಾರೆ. ಒಂದೇ ಟೆಸ್ಟಿಗೆ ಇಷ್ಟು ವ್ಯತ್ಯಾಸ ಯಾಕೆ ಅನ್ನೋದಕ್ಕೆ ನೂರೈವತ್ತು ವರ್ಷಕ್ಕಿಂತ ಹಳೇ ಕಥೆ ಇದೆ.

1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್ಮಾಲ್ ಜೀವಂತ ಮನುಷ್ಯನ ಹೊಟ್ಟೆಯೊಳಗೆ ನೋಡೋಕೆ ನೆಟ್ಟಗಿನ ಲೋಹದ ಕೊಳವೆ ಇಳಿಸಿದ್ದು ಕತ್ತಿ ನುಂಗೋ ಕಸುಬಿನವನೊಬ್ಬನ ಮೇಲೆ, ಯಾಕಂದ್ರೆ ಬೇರೆಯವರ ಕೈಲಿ ಅದು ಆಗ್ತಾನೇ ಇರ್ಲಿಲ್ಲ. ಆಮೇಲೆ ಬಂದ ಗಟ್ಟಿ ಕೊಳವೆಗಳಲ್ಲೂ ಅನ್ನನಾಳ ತೂತಾಗೋ ಭಯ ಹೋಗ್ಲಿಲ್ಲ. 1932ರಲ್ಲಿ ರುಡಾಲ್ಫ್ ಶಿಂಡ್ಲರ್ ಸ್ವಲ್ಪ ಬಗ್ಗೋ ಗ್ಯಾಸ್ಟ್ರೋಸ್ಕೋಪ್, ಅಂದ್ರೆ ಹೊಟ್ಟೆಯೊಳಗೆ ನೋಡೋ ಕೊಳವೆ, ತಂದ್ರು, ಟೆಸ್ಟ್ ಮಾಡುವಾಗ ರೋಗಿಯ ತಲೆ ಹಿಡ್ಕೊಂಡು ಸಮಾಧಾನ ಮಾಡ್ತಿದ್ದವರು ಅವರ ಹೆಂಡತಿ ಗೇಬ್ರಿಯೆಲ್. ನನಗಂತೂ ಇಡೀ ಇತಿಹಾಸದಲ್ಲಿ ಆಕೆಯ ಕೆಲಸವೇ ದೊಡ್ಡದಾಗಿ ಕಾಣುತ್ತೆ, ಎಚ್ಚರ ಇರೋ ಮನುಷ್ಯನಿಗೆ ಅವತ್ತು ಅದಕ್ಕಿಂತ ಒಳ್ಳೆ ಆಸರೆ ಇರ್ಲಿಲ್ಲ.

1957ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬೇಸಿಲ್ ಹಿರ್ಶೋವಿಟ್ಜ್ ಗಾಜಿನ ಎಳೆಗಳ ಬಗ್ಗೋ ಸ್ಕೋಪನ್ನ ಮೊದ್ಲು ತಾನೇ ನುಂಗಿ ನೋಡಿ, ಆಮೇಲೆ ರೋಗಿಗೆ ಹಾಕಿದ್ರು. ಅಲ್ಲಿಂದ ಈ ಟೆಸ್ಟ್ ಎಲ್ಲಾ ಕಡೆ ಹಬ್ಬಿತು, ಹಬ್ಬಿದ ಹಾಗೆ ಮಂಪರಿನ ಔಷಧಿಯೂ ಬೇಕಾಯ್ತು. 1963ರಲ್ಲಿ ಮಾರುಕಟ್ಟೆಗೆ ಬಂದ ವ್ಯಾಲಿಯಮ್, ಅಂದ್ರೆ ಡಯಾಜೆಪಾಮ್, ಇಲ್ಲೂ ಬಳಕೆಗೆ ಬಂತು, ಎಂಬತ್ತರ ದಶಕದಲ್ಲಿ ಮಿಡಜೋಲಾಮ್ ಆ ಜಾಗ ಹಿಡೀತು.

ಮಿಡಜೋಲಾಮ್‌ನ ವಿಶೇಷ ಏನಂದ್ರೆ ನಡೆದದ್ದು ನೆನಪಲ್ಲಿ ಉಳಿಯದ ಹಾಗೆ ಮಾಡುತ್ತೆ. ರೋಗಿ ಒಳಗೆ ಓಕರಿಸಿ ಒದ್ದಾಡಿರಬಹುದು, ಹೊರಗೆ ಬಂದು "ಏನೂ ಗೊತ್ತಾಗ್ಲೇ ಇಲ್ಲ" ಅಂತಾರೆ. ನೆನಪಿಲ್ಲ ಅಂದಮಾತ್ರಕ್ಕೆ ಕಷ್ಟ ಆಗ್ಲಿಲ್ಲ ಅಂತ ಬರ್ಕೊಂಡ್ರೆ ಅದು ತಪ್ಪು, ಆ ಹೊತ್ತಿನಲ್ಲಿ ಆ ಮನುಷ್ಯ ಒದ್ದಾಡಿದ್ದು ನಿಜ ತಾನೇ. ಇನ್ನೊಂದು, ಮೊದಮೊದಲು ಅದರ ಜೋರನ್ನ ಸರಿಯಾಗಿ ಅಂದಾಜು ಮಾಡ್ದೆ ಡೋಸ್ ಜಾಸ್ತಿ ಕೊಟ್ಟು ಉಸಿರು ನಿಂತು ಸಾವುಗಳಾದ್ವು, ಅಮೆರಿಕದಲ್ಲಿ ಡೋಸ್ ಇಳಿಸಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕ್ಬೇಕಾಯ್ತು. 1995ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪರಿಶೀಲನೇಲಿ 14,149 ಗ್ಯಾಸ್ಟ್ರೋಸ್ಕೋಪಿಗಳನ್ನ ನೋಡಿದ್ರು, 2,000ಕ್ಕೆ ಒಂದು ಸಾವು ಕಂಡುಬಂತು, ಮಾನಿಟರಿಂಗ್ ಇಲ್ದೆ ಜಾಸ್ತಿ ಡೋಸ್ ಕೊಟ್ಟ ಕಡೆ ತೊಂದರೆ ಹೆಚ್ಚು, ಗಂಟಲಿನ ಸ್ಪ್ರೇಗೂ ಆಮೇಲೆ ಬರೋ ನ್ಯುಮೋನಿಯಾಗೂ ನಂಟು ಕಾಣಿಸ್ತು, ಗಂಟಲು ಮರಗಟ್ಟಿದ್ದಾಗ ಹೊಟ್ಟೆಯಿಂದ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿಯೋದು ಸುಲಭ. ಅದಕ್ಕೇ ಈಗ ಬೆರಳಿಗೆ ಆಕ್ಸಿಮೀಟರ್ ಕ್ಲಿಪ್ ಹಾಕೋದು, ಮುಂಚೆ 6 ಗಂಟೆ ಏನೂ ತಿನ್ಬೇಡಿ ಅನ್ನೋದು, ಮಂಪರು ತಗೊಂಡ್ರೆ 24 ಗಂಟೆ ಗಾಡಿ ಓಡಿಸ್ಬೇಡಿ ಅನ್ನೋದು.

ಪೂರ್ತಿ ನಿದ್ದೆ ಬರಿಸೋ ಇಂಜೆಕ್ಷನ್ ಪ್ರೊಪೊಫಾಲ್ 1986ರಲ್ಲಿ ಬ್ರಿಟನ್‌ನಲ್ಲಿ ಬಂತು. ಬೇಗ ನಿದ್ದೆ, ಬೇಗ ಎಚ್ಚರ, ರೋಗಿಗೂ ಡಾಕ್ಟರಿಗೂ ಖುಷಿ. ಆದ್ರೆ ಮಿಡಜೋಲಾಮ್ ಜಾಸ್ತಿಯಾದ್ರೆ ಫ್ಲೂಮಜೆನಿಲ್ ಕೊಟ್ಟು ಎಬ್ಬಿಸಬಹುದು, ಪ್ರೊಪೊಫಾಲ್‌ಗೆ ಅಂಥ ಮದ್ದಿಲ್ಲ, ಹಾಗಾಗಿ ಉಸಿರು ನೋಡ್ಕೊಳ್ಳೋಕೆ ಅಂತಾನೇ ಒಬ್ಬ ತರಬೇತಿ ಪಡೆದವರು ಪಕ್ಕದಲ್ಲಿ ಇರ್ಲೇಬೇಕು. ಅಂಥವರು ಸಿಗೋದ್ರ ಮೇಲೆ, ಖರ್ಚಿನ ಮೇಲೆ, ಆಸ್ಪತ್ರೆಯ ರೂಢಿ ಮೇಲೆ ನಿಮಗೆ ಏನು ಸಿಗುತ್ತೆ ಅನ್ನೋದು ನಿಂತಿರುತ್ತೆ, ನಿಮ್ಮ ಭಯ ಎಷ್ಟು ಅನ್ನೋದ್ರ ಮೇಲಲ್ಲ. ಇದು ನನಗೆ ಬೇಜಾರಿನ ವಿಷಯ.

ಮಂಪರು ಬೇಡ ಅನ್ನೋರಿಗೆ 5-6 ಮಿ.ಮೀ. ದಪ್ಪದ ಸ್ಕೋಪನ್ನ ಮೂಗಿನಿಂದ ಹಾಕೋ ದಾರಿ ಇದೆ, ಓಕರಿಕೆ ಕಮ್ಮಿ, ಟೆಸ್ಟ್ ನಡೀತಿರುವಾಗ್ಲೇ ಮಾತಾಡಬಹುದು. ಬಾಯಿಂದಾನೇ ಆದ್ರೂ, ಕೈ ಎತ್ತಿದ್ರೆ ನಿಲ್ಲಿಸ್ತೀರಾ ಅಂತ ಮುಂಚೆನೇ ಕೇಳಿ ಒಪ್ಪಿಸ್ಕೊಳ್ಳಿ. ಬ್ರಿಟನ್‌ನಲ್ಲಿ ರೋಗಿಗೆ ಎಷ್ಟು ಕಷ್ಟ ಆಯ್ತು ಅಂತ ಸ್ಕೋರ್ ಬರ್ದಿಡೋ ಪದ್ಧತಿ ಇದೆ, ಆ ಸ್ಕೋರನ್ನ ಸಾಮಾನ್ಯವಾಗಿ ಪಕ್ಕದಲ್ಲಿ ನಿಂತು ನೋಡಿದ ನರ್ಸ್ ಕೊಡ್ತಾರೆ.