1098: ಬೀದಿ ಮಕ್ಕಳ ಫೋನು ಸರ್ಕಾರದ ಕೈಗೆ ಬಂದದ್ದು ಹೇಗೆ?

ನಮ್ಮ ಸರ್ಕಾರಿ ಶಾಲೆಗಳ ಗೋಡೆ ಮೇಲೆ ‘ಮಕ್ಕಳ ಸಹಾಯವಾಣಿ 1098’ ಎಂಬ ಬರಹ ನೋಡಿರುತ್ತೀರಿ. ಸರ್ಕಾರದ್ದೇ ಇನ್ನೊಂದು ನಂಬರ್ ಇರಬೇಕು ಅಂದುಕೊಂಡು ಮುಂದೆ ಹೋಗಿರುತ್ತೀರಿ. ಆದರೆ ಇದನ್ನು ಶುರು ಮಾಡಿದ್ದು ಸರ್ಕಾರ ಅಲ್ಲ. ಫೋನು ಬಂದ ತಕ್ಷಣ ಮಗು ಇದ್ದಲ್ಲಿಗೆ ಓಡುತ್ತಿದ್ದವರೂ ಬಹುಕಾಲ ಸ್ವಯಂಸೇವಾ ಸಂಸ್ಥೆಗಳ ಜನವೇ.

ಕಥೆ ಶುರುವಾಗುವುದು ಮುಂಬೈಯಲ್ಲಿ. 1990ರ ದಶಕದಲ್ಲಿ ಜೆರೂ ಬಿಲ್ಲಿಮೋರಿಯಾ ಅಲ್ಲಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದರು. ರೈಲ್ವೆ ಸ್ಟೇಷನ್ನಿನಲ್ಲಿ, ರಾತ್ರಿ ತಂಗುದಾಣಗಳಲ್ಲಿ ಮಲಗುವ ಮಕ್ಕಳ ಜೊತೆ ಅವರಿಗೆ ಒಡನಾಟವಿತ್ತು. ಕಷ್ಟ ಬಂದಾಗ ಆ ಮಕ್ಕಳು ಅವರ ಮನೆಗೇ ಫೋನ್ ಮಾಡುತ್ತಿದ್ದರು. ಆದರೆ ಒಬ್ಬರ ಮನೆ ಫೋನು ಎಷ್ಟು ಮಕ್ಕಳಿಗೆ ಸಾಕಾಗುತ್ತೆ? ಹೊತ್ತಲ್ಲದ ಹೊತ್ತಿನಲ್ಲೂ ಎತ್ತುವವರಿರುವ, ದುಡ್ಡು ಕೇಳದ ಒಂದು ಲೈನ್ ಬೇಕಿತ್ತು. ದೂರಸಂಪರ್ಕ ಇಲಾಖೆಯ ಬೆನ್ನು ಹತ್ತಿ ಉಚಿತ ನಂಬರ್ ಪಡೆದು, 1996ರ ಜೂನ್‌ನಲ್ಲಿ ಆ ಸಂಸ್ಥೆಯದೇ ಒಂದು ಪ್ರಯೋಗವಾಗಿ ‘ಚೈಲ್ಡ್‌ಲೈನ್’ ಶುರುವಾಯಿತು. ನಂಬರ್ ನೆನಪಿಡುವ ಉಪಾಯ ಹುಡುಕಿದ್ದು ಮಕ್ಕಳೇ: ಹತ್ತು, ಒಂಬತ್ತು, ಎಂಟು. ಹಿಂದಕ್ಕೆ ಎಣಿಸಿದರೆ ಆಯಿತು. (ನಮ್ಮ ಕಡೆ ಮಾತ್ರ ಎಲ್ಲರೂ ‘ಹತ್ತು ತೊಂಬತ್ತೆಂಟು’ ಅಂತಲೇ ಹೇಳುತ್ತಾರೆ.)

ಆಗ ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಬೀದಿಯಲ್ಲಿದ್ದ ಹುಡುಗನಿಗೆ ಫೋನ್ ಅಂದರೆ ಎಸ್‌ಟಿಡಿ ಬೂತ್. ಪುಕ್ಕಟೆ ಕರೆಯಿಂದ ಬೂತಿನವರಿಗೆ ಹುಟ್ಟುವುದೇನೂ ಇಲ್ಲ, ಕೊಳೆ ಬಟ್ಟೆಯ ಹುಡುಗನನ್ನು ಒಳಗೆ ಬಿಡಲಿ ಯಾಕೆ? ಹಾಗಾಗಿ ಬೂತಿನವರು, ಸ್ಟೇಷನ್ ಕೂಲಿಗಳು, ಪೊಲೀಸರು, ಆಸ್ಪತ್ರೆಯವರು ಎಲ್ಲರ ಜೊತೆ ಮಾತಾಡಿ ಒಪ್ಪಿಸುವುದೂ ಈ ಕೆಲಸದ ಭಾಗವಾಯಿತು. ಮೊದಮೊದಲು ಬಂದ ಕರೆಗಳಲ್ಲಿ ಚಿಕಿತ್ಸೆಗಾಗಿ ಬಂದವು ಜಾಸ್ತಿ. ಗಾಯವಾದ ಗೆಳೆಯನನ್ನು ಆಸ್ಪತ್ರೆಗೆ ಸೇರಿಸಲು ದೊಡ್ಡವರೊಬ್ಬರು ಜೊತೆಗೆ ಬೇಕು, ಅಷ್ಟೇ.

ಇಂಥ ಮಕ್ಕಳಿಗಾಗಿ ಅದಕ್ಕೂ ಮೊದಲು ಏನೂ ಇರಲಿಲ್ಲ ಅಂತಲ್ಲ. 1986ರ ಬಾಲನ್ಯಾಯ ಕಾಯ್ದೆ ಇತ್ತು, ಸರ್ಕಾರಿ ನಿಲಯಗಳಿದ್ದವು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಗೆ 1992ರಲ್ಲಿ ಭಾರತ ಒಪ್ಪಿಗೆಯನ್ನೂ ಕೊಟ್ಟಿತ್ತು. ಆದರೆ ಅಲ್ಲೆಲ್ಲ ಮಗುವನ್ನು ಯಾರೋ ಹಿಡಿದು ತರಬೇಕಿತ್ತು. ಮಗು ತಾನೇ ‘ಬನ್ನಿ’ ಎಂದು ಕರೆಯುವ ದಾರಿ ಇರಲಿಲ್ಲ. ನನ್ನ ಪ್ರಕಾರ 1098 ತಂದ ದೊಡ್ಡ ಬದಲಾವಣೆ ಇದೇ.

1999ರಲ್ಲಿ ಚೈಲ್ಡ್‌ಲೈನ್ ಇಂಡಿಯಾ ಫೌಂಡೇಶನ್ ಹುಟ್ಟಿಕೊಂಡಿತು. ಹಣ ಕೇಂದ್ರ ಸರ್ಕಾರದ್ದು, ಓಡಾಟ ಆಯಾ ಊರಿನ ಸಂಸ್ಥೆಗಳದ್ದು. ಅಪಾಯದಲ್ಲಿರುವ ಮಗುವನ್ನು 60 ನಿಮಿಷದೊಳಗೆ ಮುಟ್ಟಬೇಕು ಎಂಬುದು ಅವರೇ ಹಾಕಿಕೊಂಡ ಗುರಿ. ಬೆಂಗಳೂರಿನಲ್ಲಿ ಈ ಕೆಲಸ ಹೊತ್ತವರು ಅಪ್ಸಾ ಮತ್ತು ಬಾಸ್ಕೊ. ಬಾಸ್ಕೊ ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ. ಎರಡೂ 1980ರ ದಶಕದ ಆರಂಭದಿಂದ ನಗರದ ಗಲ್ಲಿಗಳನ್ನು ಬಲ್ಲ ಸಂಸ್ಥೆಗಳು. ಅತ್ತ ರಾಯಚೂರು ಸ್ಟೇಷನ್ನಿನಲ್ಲಿ ‘ಸಾಥಿ’ ಸಂಸ್ಥೆ 1990ರ ದಶಕದಿಂದಲೇ ಮನೆ ಬಿಟ್ಟು ಬಂದ ಮಕ್ಕಳನ್ನು ಮಾತಾಡಿಸುತ್ತಿತ್ತು. ಅವರ ಲೆಕ್ಕಾಚಾರ ಸರಳ. ಮಗು ರೈಲಿನಿಂದ ಇಳಿದ ಮೊದಲ ಕೆಲವು ಗಂಟೆಗಳಲ್ಲೇ ಸಿಗಬೇಕು. ತಡವಾದರೆ ಪ್ಲಾಟ್‌ಫಾರ್ಮ್ ಬದುಕು ಅಭ್ಯಾಸವಾಗಿಬಿಡುತ್ತದೆ, ಮನೆಗೆ ಕಳಿಸುವುದು ಕಷ್ಟವಾಗುತ್ತದೆ.

2009ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಬಂದ ಮೇಲೆ ಜಿಲ್ಲೆ ಜಿಲ್ಲೆಗೂ ಇದು ಹಬ್ಬಿತು. ಹಳ್ಳಿ ಮುಟ್ಟಿದಾಗ ಕರೆಗಳ ಬಣ್ಣವೂ ಬದಲಾಯಿತು. ಕರ್ನಾಟಕದಲ್ಲಿ 1098 ಅಂದರೆ ಈಗ ತುಂಬ ಜನರಿಗೆ ಥಟ್ಟನೆ ನೆನಪಾಗುವುದು ಬಾಲ್ಯವಿವಾಹ.

ಅದನ್ನು ತಡೆಯುವ ರೀತಿ ಹೀಗೆ. ಮದುವೆಗೆ ಒಂದೆರಡು ದಿನ ಇರುವಾಗ ಕರೆ ಬರುತ್ತದೆ. ಮಾಡಿದ್ದು ಟೀಚರ್ ಇರಬಹುದು, ಪಕ್ಕದ ಮನೆಯವರಿರಬಹುದು, ಕೆಲವೊಮ್ಮೆ ಹುಡುಗಿಯೇ ಇರಬಹುದು. ಹೆಸರು ಹೇಳಲೇಬೇಕೆಂದಿಲ್ಲ. ಸಹಾಯವಾಣಿಯವರು, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪೊಲೀಸರು, ಅಂಗನವಾಡಿ ಕಾರ್ಯಕರ್ತೆ ಎಲ್ಲ ಸೇರಿ ಮನೆಗೆ ಹೋಗುತ್ತಾರೆ. ಚಪ್ಪರ ಎದ್ದಿರುತ್ತದೆ, ಲಗ್ನಪತ್ರಿಕೆ ಹಂಚಿ ಆಗಿರುತ್ತದೆ. ‘ನಮ್ಮ ಹುಡುಗಿಗೆ ಹದಿನೆಂಟು ತುಂಬಿದೆ’ ಅಂತ ಮನೆಯವರು ವಾದಿಸುತ್ತಾರೆ. ಶಾಲೆಯ ದಾಖಲೆ ತರಿಸಿದರೆ ಹದಿನಾರು. ಆಮೇಲೆ ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಹುಡುಗಿಗೆ ಮನೆಯಲ್ಲಿ ಉಳಿಯುವುದು ಸುರಕ್ಷಿತ ಅಲ್ಲ ಅನ್ನಿಸಿದರೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಿ ಬಾಲಮಂದಿರಕ್ಕೆ ಕಳಿಸುತ್ತಾರೆ. ಕಾನೂನಿನ ಬಲವೂ ಇದೆ: 2016ರ ಕರ್ನಾಟಕ ತಿದ್ದುಪಡಿಯ ಪ್ರಕಾರ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು.

ಮರುದಿನ ಪೇಪರಿನಲ್ಲಿ ‘ಬಾಲ್ಯವಿವಾಹಕ್ಕೆ ತಡೆ’ ಎಂದು ಸುದ್ದಿ. ಲೆಕ್ಕದಲ್ಲಿ ಒಂದು ಪ್ರಕರಣ ಮುಗಿಯಿತು. ನಿಜವಾಗಿ ಮುಗಿಯಿತಾ? ಮುಚ್ಚಳಿಕೆ ಬರೆದುಕೊಟ್ಟವರೇ ಆಮೇಲೆ ಬೇರೆ ಊರಿನ ದೇವಸ್ಥಾನದಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸುವುದು ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಹುಡುಗಿ ಮತ್ತೆ ಶಾಲೆಗೆ ಹೋದಳಾ ಅನ್ನುವುದು ಗೊತ್ತಾಗಬೇಕಾದರೆ ಮೂರು ತಿಂಗಳು ಬಿಟ್ಟು ಒಬ್ಬರು ಆ ಮನೆ ಬಾಗಿಲು ತಟ್ಟಬೇಕು. ಇಂಥ ಸಂಸ್ಥೆಗಳ ಸಾಧನೆಯನ್ನು ಕರೆಗಳ ಎಣಿಕೆಯಲ್ಲಿ ಅಳೆಯುವುದು ಇದಕ್ಕೇ ನನಗೆ ಒಪ್ಪಿಗೆಯಾಗುವುದಿಲ್ಲ. ಕೊರೊನಾ ಸಮಯದಲ್ಲಿ, 2020ರ ಮಾರ್ಚ್ 20ರಿಂದ 31ರ ನಡುವೆ, 1098ಕ್ಕೆ ದೇಶದಲ್ಲಿ 3.07 ಲಕ್ಷ ಕರೆಗಳು ಬಂದವು. ಅದರಲ್ಲಿ 92 ಸಾವಿರ ಚಿಲ್ಲರೆ ಕರೆಗಳು ಹಿಂಸೆ, ದೌರ್ಜನ್ಯದಿಂದ ಕಾಪಾಡಿ ಎಂದು ಬಂದವು. ಭಯಂಕರ ಅಂಕಿ. ಆದರೆ ಮಕ್ಕಳು ನಂಬಿ ಫೋನ್ ಮಾಡಿದರು ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ. ಆಮೇಲೆ ಅವರಿಗೆ ಏನಾಯಿತು ಅನ್ನುವುದು ಆ ಲೆಕ್ಕದಲ್ಲಿ ಇಲ್ಲ. ಫೋನ್ ಮಾಡಿ ಒಂದು ಮಾತೂ ಆಡದ ಮಕ್ಕಳೂ ಎಷ್ಟೋ. ಅಂಥವರ ಮೇಲೆ ರೇಗದೆ, ಲೈನ್ ಕತ್ತರಿಸದೆ ಕಾಯುವುದಕ್ಕೆ ಫೋನ್ ಎತ್ತುವವರಿಗೆ ತರಬೇತಿ ಇರುತ್ತಿತ್ತು. ಅದನ್ನು ಯಾವ ಕಾಲಂನಲ್ಲಿ ಬರೆಯುವುದು?

2022ರಲ್ಲಿ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿ ಬಂತು. 2023ರಲ್ಲಿ ಹಂತಹಂತವಾಗಿ 1098 ರಾಜ್ಯ ಸರ್ಕಾರಗಳ ಕೈಗೆ ಬಂತು, ತುರ್ತು ಸೇವೆಯ 112ರ ಜೊತೆ ಜೋಡಣೆಯಾಯಿತು. ಜಿಲ್ಲೆಯಲ್ಲಿ ಈಗ ಇದರ ಹೊಣೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು. ಪೊಲೀಸ್, ಆಂಬುಲೆನ್ಸ್ ಬೇಗ ಸಿಗುತ್ತವೆ ಅನ್ನುವುದು ಸರ್ಕಾರದ ವಾದ. ಪೊಲೀಸರು ಅಂದರೆ ಹೆದರುವ ಮಗು ಫೋನೇ ಮಾಡದಿದ್ದರೆ ಅನ್ನುವುದು ಸಂಸ್ಥೆಗಳ ಆತಂಕ. ಎರಡರಲ್ಲೂ ಹುರುಳಿದೆ. ಮಕ್ಕಳ ರಕ್ಷಣೆ ಸರ್ಕಾರದ್ದೇ ಜವಾಬ್ದಾರಿ, ಸ್ವಯಂಸೇವಾ ಸಂಸ್ಥೆಗಳ ಹೆಗಲ ಮೇಲೆ ಅದು ಎಷ್ಟು ದಿನ ನಡೆದೀತು? ಆದರೆ ನಂಬರನ್ನು ವರ್ಗಾಯಿಸಿದಷ್ಟು ಸುಲಭವಾಗಿ ಇಪ್ಪತ್ತು ವರ್ಷದ ಪರಿಚಯ ವರ್ಗಾವಣೆಯಾಗುವುದಿಲ್ಲ. ಯಾವ ಸ್ಟೇಷನ್ನಿನ ಯಾವ ಮೂಲೆಯಲ್ಲಿ ಹುಡುಗರು ಮಲಗುತ್ತಾರೆ ಅನ್ನುವುದು ಯಾವ ಫೈಲಿನಲ್ಲೂ ಇಲ್ಲ.

ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಅಧಿಕಾರಿಗಳನ್ನು ಒಂದು ಮಾತು ಕೇಳಿ ನೋಡಬಹುದು: ಹೋದ ವರ್ಷ ಮದುವೆ ನಿಲ್ಲಿಸಿದ ಹುಡುಗಿಯರಲ್ಲಿ ಈಗ ಎಷ್ಟು ಜನ ಕಾಲೇಜಿಗೆ ಹೋಗುತ್ತಿದ್ದಾರೆ?