ಎಸ್ಟೋನಿಯಾದ ಕ್ರೋನ್ ಮತ್ತು ಕರೆನ್ಸಿ ಬೋರ್ಡ್: ಸೋವಿಯತ್ ನಂತರದ ಸುಧಾರಣೆಯ ಅಧ್ಯಯನ ಟಿಪ್ಪಣಿ

ಸೋವಿಯತ್ ನಂತರದ ಆರ್ಥಿಕ ಸುಧಾರಣೆ ಎಂದರೆ ಉತ್ತರ ಪತ್ರಿಕೆಗಳಲ್ಲಿ ಬರುವುದು ಬಹುತೇಕ ರಷ್ಯಾ ಒಂದೇ: 1992ರ ಜನವರಿ 2ರ ಬೆಲೆ ಮುಕ್ತಿ, ವೋಚರ್ (ಸರ್ಕಾರಿ ಆಸ್ತಿ ಕೊಳ್ಳಲು ಜನರಿಗೆ ಹಂಚಿದ ಚೀಟಿ) ಖಾಸಗೀಕರಣ, ಒಲಿಗಾರ್ಕರು ಎಂಬ ಪ್ರಭಾವಿ ಕುಬೇರರು, 1998ರ ರೂಬಲ್ ಕುಸಿತ. ಎಸ್ಟೋನಿಯಾಕ್ಕೆ ಸಿಗುವುದು ‘ಶಾಕ್ ಥೆರಪಿಯ (ಒಮ್ಮೆಲೇ ಮಾಡುವ ವೇಗದ ಸುಧಾರಣೆಯ) ಯಶಸ್ವಿ ಉದಾಹರಣೆ’ ಎಂಬ ಅರ್ಧ ಸಾಲು. ಆದರೆ ಸುಮಾರು ಹದಿನೈದು ಲಕ್ಷ ಜನರ ಈ ದೇಶದಲ್ಲಿ ಕೆಲಸ ಮಾಡಿದ್ದು ವೇಗವೊಂದೇ ಅಲ್ಲ. ಹಣ ಸೃಷ್ಟಿಸುವ ಅಧಿಕಾರವನ್ನು ಸರ್ಕಾರ ಮತ್ತು ಕೇಂದ್ರ ಬ್ಯಾಂಕು ಮೊದಲು ಕಾನೂನಿನಿಂದ ಕೈಬಿಟ್ಟವು; ಈ ವ್ಯವಸ್ಥೆಗೇ ಕರೆನ್ಸಿ ಬೋರ್ಡ್ ಎಂದು ಹೆಸರು. ಬಜೆಟ್ಟು, ಬ್ಯಾಂಕು, ಕಾರ್ಖಾನೆಗಳ ವಿಷಯದ ಕಠಿಣ ನಿರ್ಧಾರಗಳೆಲ್ಲ ಅದರ ಹಿಂದೆಯೇ ಬಂದವು. ಹಾಗಾಗಿ ಈ ಟಿಪ್ಪಣಿಯ ಹೆಚ್ಚು ಭಾಗ ಹಣದ ಬಗ್ಗೆ.

ರೂಬಲ್ ವಲಯ ಏಕೆ ಕುಸಿಯಿತು

1991ರ ಆಗಸ್ಟ್ 20ರಂದು ಎಸ್ಟೋನಿಯಾ ಸ್ವಾತಂತ್ರ್ಯವನ್ನು ಮರುಸ್ಥಾಪಿಸಿತು. ಧ್ವಜ ಬದಲಾಯಿತು, ಜೇಬಿನಲ್ಲಿ ಮಾತ್ರ ರೂಬಲ್ಲೇ ಉಳಿಯಿತು. ರೂಬಲ್ ನೋಟು ಮುದ್ರಿಸುವ ಯಂತ್ರಗಳಿದ್ದದ್ದು ರಷ್ಯಾದಲ್ಲಿ. ಆದರೆ ಪುಸ್ತಕದ ಮೇಲಿನ ಸಾಲ, ಅಂದರೆ ನಗದಲ್ಲದ ರೂಬಲ್ ಸೃಷ್ಟಿಸುವ ಶಕ್ತಿ ಪ್ರತಿ ಗಣರಾಜ್ಯದ ಕೇಂದ್ರ ಬ್ಯಾಂಕಿಗೂ ಇತ್ತು. ಒಂದು ಕೆರೆಗೆ ಹದಿನೈದು ತೂಬು, ಒಂದೊಂದರ ಕೀಲಿ ಒಬ್ಬೊಬ್ಬರ ಕೈಲಿ ಇದ್ದ ಹಾಗೆ: ಯಾರು ಹೆಚ್ಚು ಸಾಲ ಕೊಟ್ಟುಕೊಂಡರೋ ಅವರಿಗೆ ಪೂರ್ತಿ ಲಾಭ, ಅದರಿಂದ ಏರುವ ಬೆಲೆಯ ಹೊರೆ ಮಾತ್ರ ಎಲ್ಲರಿಗೂ ಹಂಚಿಕೆ.

ಇದರಿಂದ ಎರಡು ವಿಚಿತ್ರಗಳು ಒಟ್ಟಿಗೆ ಕಂಡವು. ಒಂದು ಕಡೆ ಬೆಲೆಗಳು ತಿಂಗಳು ತಿಂಗಳಿಗೆ ಹಾರುತ್ತಿದ್ದವು. ಎಸ್ಟೋನಿಯಾದಲ್ಲಿ 1992ರ ಹಣದುಬ್ಬರ ಶೇ 1,000 ದಾಟಿತು. ಇನ್ನೊಂದು ಕಡೆ ಸಂಬಳ ಕೊಡಲು ನೋಟುಗಳೇ ಇರಲಿಲ್ಲ, ಏಕೆಂದರೆ ನೋಟು ಮಾಸ್ಕೋದಿಂದ ಬರಬೇಕಿತ್ತು. ಹಣದುಬ್ಬರ ಮತ್ತು ನಗದಿನ ಬರ ಒಟ್ಟಿಗೆ ಇರಲು ಸಾಧ್ಯವೇ ಎಂದು ಪ್ರಶ್ನೆ ಬಂದರೆ ಉತ್ತರ ಇಲ್ಲಿದೆ.

1992ರ ಜೂನ್ 20, 21, 22

ಈ ಮೂರು ದಿನಗಳಲ್ಲಿ ರೂಬಲ್ ಹೋಗಿ ಎಸ್ಟೋನಿಯಾದ ಸ್ವಂತ ಹಣವಾದ ಕ್ರೋನ್ ಬಂತು. ಸುಧಾರಣೆಯ ಅಧಿಕಾರ ಮೂವರ ಸಮಿತಿಯ ಕೈಲಿತ್ತು: ಪ್ರಧಾನಿ ತೀತ್ ವ್ಯಾಹಿ, ಕೇಂದ್ರ ಬ್ಯಾಂಕಾದ ಏಸ್ತಿ ಪಾಂಕ್‌ನ ಅಧ್ಯಕ್ಷ ಸೀಮ್ ಕಲ್ಲಾಸ್, ಸ್ವೀಡನ್ನಿನಲ್ಲಿ ನೆಲೆಸಿದ್ದ ಅರ್ಥಶಾಸ್ತ್ರಜ್ಞ ರುಡಾಲ್ಫ್ ಯಲಕಸ್. ಸಲಹೆಗಾರರಲ್ಲಿ ಜೆಫ್ರಿ ಸ್ಯಾಕ್ಸ್, ಆರ್ಡೋ ಹಾನ್ಸನ್ ಇದ್ದರು. ಹಾನ್ಸನ್ ಮುಂದೆ 2012ರಲ್ಲಿ ಅದೇ ಬ್ಯಾಂಕಿನ ಗವರ್ನರ್ ಆದರು.

ನಿಯಮ ಸರಳ. ನೋಂದಾಯಿತ ಪ್ರತಿ ನಿವಾಸಿಯೂ 1,500 ರೂಬಲ್‌ವರೆಗಿನ ನಗದನ್ನು 10ಕ್ಕೆ 1ರಂತೆ ಬದಲಿಸಿಕೊಳ್ಳಬಹುದು, ಅಂದರೆ ತಲೆಗೆ 150 ಕ್ರೋನ್. ಬ್ಯಾಂಕ್ ಖಾತೆಯಲ್ಲಿದ್ದ ಹಣಕ್ಕೂ 10:1 ದರ. ಆದರೆ ಸುಧಾರಣೆಗೆ ಸ್ವಲ್ಪ ಮುಂಚೆ ಬಂದು ಬಿದ್ದ ದೊಡ್ಡ ಮೊತ್ತಗಳ ಮೇಲೆ ತನಿಖೆ. ಮಿತಿ ಮೀರಿದ ನಗದಿಗೆ ತೀರಾ ಕೆಟ್ಟ ದರ. ಕಾರಣ ಸ್ಪಷ್ಟ: ಮಿತಿ ಇಲ್ಲದಿದ್ದರೆ ಇಡೀ ರೂಬಲ್ ವಲಯದ ನೋಟುಗಳು ಚೀಲಗಳಲ್ಲಿ ಗಡಿ ದಾಟಿ ಬರುತ್ತಿದ್ದವು. ಇದನ್ನು ನಮ್ಮ 2016ರ ನೋಟು ರದ್ದತಿಯ ಜೊತೆ ಹೋಲಿಸುವವರಿದ್ದಾರೆ, ಅದು ಸರಿಹೊಂದದು. ಭಾರತದಲ್ಲಿ ಬದಲಾದದ್ದು ಕೆಲವು ಮುಖಬೆಲೆಯ ನೋಟು, ರೂಪಾಯಿ ರೂಪಾಯಿಯಾಗಿಯೇ ಉಳಿಯಿತು. ಎಸ್ಟೋನಿಯಾದಲ್ಲಿ ಲೆಕ್ಕದ ಏಕಮಾನವೇ ಬದಲಾಯಿತು.

ಹೊಸ ದರ: 8 ಕ್ರೋನ್‌ಗೆ 1 ಜರ್ಮನ್ ಮಾರ್ಕ್. ತಲಾ 150 ಕ್ರೋನ್ ಎಂದರೆ 18.75 ಮಾರ್ಕ್ ಅಷ್ಟೇ. ಯಾರದೋ ಖಾತೆಯಲ್ಲಿ 5,000 ರೂಬಲ್ ಇತ್ತು ಎಂದುಕೊಳ್ಳಿ. ಅದು 500 ಕ್ರೋನ್, 62.5 ಮಾರ್ಕ್ ಆಯಿತು. ಉಳಿತಾಯವನ್ನು ಸುಟ್ಟದ್ದು ಕ್ರೋನ್ ಅಲ್ಲ, ಅದಕ್ಕೆ ಮೊದಲಿನ ಹಣದುಬ್ಬರ. ನಷ್ಟದ ಲೆಕ್ಕ ಮಾತ್ರ ಆ ಮೂರು ದಿನಗಳಲ್ಲಿ ಕಣ್ಣಿಗೆ ಬಿತ್ತು.

ಸಂಗ್ರಹವಾದ ರೂಬಲ್ ನೋಟುಗಳಿಗೆ ಬೇರೆಯೇ ಕಥೆಯಿದೆ. ಅವುಗಳಲ್ಲಿ ಒಂದು ದೊಡ್ಡ ಪಾಲು ಗುಟ್ಟಾಗಿ ಚೆಚೆನ್ಯಾಕ್ಕೆ ಮಾರಾಟವಾದದ್ದು ಬಯಲಾಗಿ, 1994ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮಾರ್ಟ್ ಲಾರ್ ಅವಿಶ್ವಾಸ ಮತಕ್ಕೆ ಸೋತರು.

ಕರೆನ್ಸಿ ಬೋರ್ಡ್ ಒಳಗೆ

ಸ್ಥಿರ ವಿನಿಮಯ ದರ ಬೇರೆ, ಕರೆನ್ಸಿ ಬೋರ್ಡ್ ಬೇರೆ. ಮೊದಲನೆಯದರಲ್ಲಿ ಕೇಂದ್ರ ಬ್ಯಾಂಕು ದರವನ್ನು ಕಾಯುವ ಮಾತು ಕೊಡುತ್ತದೆ, ಜೊತೆಗೆ ಸರ್ಕಾರಿ ಬಾಂಡ್ ಕೊಂಡು ಹಣವನ್ನೂ ಸೃಷ್ಟಿಸಬಲ್ಲದು. ಎರಡನೆಯದರಲ್ಲಿ ಮೂಲ ಹಣದ (ನೋಟು ಮತ್ತು ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿ ಇಟ್ಟ ಮೀಸಲು) ಪ್ರತಿ ಕ್ರೋನ್‌ಗೂ ಎದುರಾಗಿ ಚಿನ್ನ ಅಥವಾ ವಿದೇಶಿ ಹಣ ಇರಲೇಬೇಕು.

ಕಾಲ್ಪನಿಕ ಲೆಕ್ಕವೊಂದನ್ನು ಮಾಡಿ ನೋಡಿ. ಮೀಸಲು 100 ಮಾರ್ಕ್ ಇದ್ದರೆ ಮೂಲ ಹಣ ಗರಿಷ್ಠ 800 ಕ್ರೋನ್. ಆಮದುದಾರರು 80 ಕ್ರೋನ್ ಕೊಟ್ಟು 10 ಮಾರ್ಕ್ ಒಯ್ದರೆ ಮೀಸಲು 90, ಮೂಲ ಹಣ 720. ಮಾಮೂಲಿ ಕೇಂದ್ರ ಬ್ಯಾಂಕಾದರೆ ಬಾಂಡ್ ಕೊಂಡು ಆ 80 ಕ್ರೋನನ್ನು ಮತ್ತೆ ಮಾರುಕಟ್ಟೆಗೆ ಬಿಡುತ್ತದೆ. ದರದ ಮೇಲಿನ ಒತ್ತಡ ಹಾಗೇ ಉಳಿಯುತ್ತದೆ, ಒಂದು ದಿನ ಮೀಸಲು ಬರಿದಾಗುತ್ತದೆ. ಕರೆನ್ಸಿ ಬೋರ್ಡ್‌ಗೆ ಆ ದಾರಿ ಮುಚ್ಚಿದೆ. ಹಣ ಬಿಗಿಯಾಗುತ್ತದೆ, ಬಡ್ಡಿ ಏರುತ್ತದೆ, ಆಮದು ತಗ್ಗುತ್ತದೆ, ಹೊರಗಿನ ಹಣ ಒಳಬರುತ್ತದೆ. ಹೊಂದಾಣಿಕೆ ಯಾಂತ್ರಿಕ; ಅದರ ನೋವಿಗೂ ರಿಯಾಯಿತಿ ಇಲ್ಲ.

ಕಾನೂನಿನ ಬೀಗವೂ ಗಟ್ಟಿಯಾಗಿತ್ತು. ಕ್ರೋನನ್ನು ಅಪಮೌಲ್ಯಗೊಳಿಸುವ ಅಧಿಕಾರ ಏಸ್ತಿ ಪಾಂಕ್‌ಗೆ ಇರಲಿಲ್ಲ; ಅದಕ್ಕೆ ಸಂಸತ್ತು ಕಾನೂನನ್ನೇ ತಿದ್ದಬೇಕು. ಸಂಸತ್ತಿನಲ್ಲಿ ಚರ್ಚೆ ಶುರುವಾದ ದಿನವೇ ಎಲ್ಲರೂ ಮಾರ್ಕ್ ಕೊಳ್ಳಲು ಓಡುತ್ತಾರಾದ್ದರಿಂದ ಅಪಮೌಲ್ಯೀಕರಣ ಹೆಚ್ಚುಕಡಿಮೆ ಅಸಾಧ್ಯ. ಸರ್ಕಾರಕ್ಕೆ ಸಾಲ ಕೊಡುವುದಕ್ಕೂ ನಿಷೇಧ.

ಮೀಸಲು ಎಲ್ಲಿಂದ ಬಂತು? 1940ರ ಸೋವಿಯತ್ ಆಕ್ರಮಣಕ್ಕೆ ಮೊದಲು ಎಸ್ಟೋನಿಯಾ ಬ್ರಿಟನ್, ಸ್ವೀಡನ್, ಬಾಸೆಲ್‌ನ ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕ್ ಮುಂತಾದೆಡೆ ಇಟ್ಟಿದ್ದ ಸುಮಾರು 11 ಟನ್ ಚಿನ್ನ, ಇಲ್ಲವೇ ಅದರ ಮೌಲ್ಯ, ಹಿಂದಿರುಗಿತು. ಆಗಿನ ಬೆಲೆಯಲ್ಲಿ ಅದು ಸುಮಾರು 12 ಕೋಟಿ ಡಾಲರ್. ಹಿಂದಿನ ವರ್ಷವಷ್ಟೇ ಭಾರತ ಇದರ ನಾಲ್ಕು ಪಟ್ಟು ಚಿನ್ನವನ್ನು ಅಡವಿಡಬೇಕಾಗಿ ಬಂದಿತ್ತು ಎಂಬುದನ್ನು ನೆನೆದರೆ ಈ ನಿಧಿಯ ಗಾತ್ರ ಅಂದಾಜಿಗೆ ಸಿಗುತ್ತದೆ. ಇದರ ಜೊತೆಗೆ 15 ಕೋಟಿ ಡಾಲರ್ ಮೌಲ್ಯದ ಸರ್ಕಾರಿ ಅರಣ್ಯವನ್ನೂ ಬೆಂಬಲ ಆಸ್ತಿಯಾಗಿ ಕೇಂದ್ರ ಬ್ಯಾಂಕಿಗೆ ವರ್ಗಾಯಿಸಿದರು. ನಿಂತ ಮರಗಳನ್ನು ಒಂದೇ ದಿನದಲ್ಲಿ ಮಾರ್ಕ್ ಮಾಡಲಾಗದು, ನಿಜ. ಅದು ಹೆಚ್ಚಾಗಿ ವಿಶ್ವಾಸದ ಲೆಕ್ಕ.

ನವೆಂಬರ್ 1992: ಬ್ಯಾಂಕುಗಳು ಮುಳುಗಿದವು

ಹಲವರು ಎಡವುವುದು ಇಲ್ಲಿ. ‘ಕರೆನ್ಸಿ ಬೋರ್ಡ್ ಇದ್ದರೆ ಎಲ್ಲ ಹಣಕ್ಕೂ ಬೆಂಬಲ ಇದೆ’ ಎಂದು ಬರೆಯುತ್ತಾರೆ. ಬೆಂಬಲ ಇರುವುದು ಮೂಲ ಹಣಕ್ಕೆ ಮಾತ್ರ. ವಾಣಿಜ್ಯ ಬ್ಯಾಂಕಿನಲ್ಲಿ ನೀವಿಟ್ಟ ಠೇವಣಿ ಆ ಬ್ಯಾಂಕಿನ ಸಾಲ, ಕೇಂದ್ರ ಬ್ಯಾಂಕಿನದಲ್ಲ.

ಕ್ರೋನ್ ಬಂದು ಐದು ತಿಂಗಳೊಳಗೆ ಮೂರು ದೊಡ್ಡ ಬ್ಯಾಂಕುಗಳು ಪಾವತಿ ನಿಲ್ಲಿಸುವ ಸ್ಥಿತಿಗೆ ಬಂದವು: ಟಾರ್ಟು ಕಮರ್ಷಿಯಲ್ ಬ್ಯಾಂಕ್, ಯೂನಿಯನ್ ಬಾಲ್ಟಿಕ್ ಬ್ಯಾಂಕ್, ಉತ್ತರ ಎಸ್ಟೋನಿಯನ್ ಬ್ಯಾಂಕ್. ನವೆಂಬರ್ 17ರಂದು ಅವುಗಳ ವ್ಯವಹಾರಕ್ಕೆ ತಡೆ ಬಿತ್ತು. ಆದರೆ ಮೂರರ ರೋಗ ಒಂದೇ ಅಲ್ಲ, ಮದ್ದೂ ಒಂದೇ ಆಗಲಿಲ್ಲ. ಟಾರ್ಟು ಬ್ಯಾಂಕಿನದು ಕೆಟ್ಟ ಸಾಲ ಮತ್ತು ಕೆಟ್ಟ ಆಡಳಿತ. ಅದನ್ನು ಮುಚ್ಚಿದರು, ಠೇವಣಿದಾರರು ಹಣ ಕಳೆದುಕೊಂಡರು. ಉಳಿದೆರಡರ ಆಸ್ತಿ ಸೋವಿಯತ್ ವಿದೇಶಿ ವ್ಯವಹಾರದ ಬ್ಯಾಂಕಾದ ಮಾಸ್ಕೋದ ವ್ನೆಶೆಕೊನೊಂಬ್ಯಾಂಕ್‌ನಲ್ಲಿ ಸಿಕ್ಕಿಬಿದ್ದಿತ್ತು. ಅದು ಅವುಗಳ ತಪ್ಪಲ್ಲ ಎಂದು ಪರಿಗಣಿಸಿ ಎರಡನ್ನೂ ಸೇರಿಸಿ ಸರ್ಕಾರದ ಬಾಂಡ್ ನೆರವಿನಿಂದ ಹೊಸ ಬ್ಯಾಂಕ್ ಮಾಡಿದರು.

ಉತ್ತರದಲ್ಲಿ ಈ ವ್ಯತ್ಯಾಸವನ್ನು ಬಿಡಬೇಡಿ. ‘ಎಸ್ಟೋನಿಯಾ ಯಾವ ಬ್ಯಾಂಕನ್ನೂ ಉಳಿಸಲಿಲ್ಲ’ ಎಂಬುದು ಅರ್ಧ ಸತ್ಯ. ಉಳಿಸಿದ್ದು ಬಜೆಟ್ಟಿನ ಹೊಣೆಯಾಗಿ, ನೋಟು ಮುದ್ರಿಸಿ ಅಲ್ಲ. ಅದರ ನಂತರ ಕನಿಷ್ಠ ಬಂಡವಾಳದ ನಿಯಮ ಬಿಗಿಯಾಯಿತು, ಸುಮಾರು 40 ಇದ್ದ ಬ್ಯಾಂಕುಗಳ ಸಂಖ್ಯೆ ಬೇಗನೆ ಅರ್ಧದ ಹತ್ತಿರಕ್ಕೆ ಇಳಿಯಿತು. ಕೇಂದ್ರ ಬ್ಯಾಂಕು ಬಂದು ಕಾಪಾಡುವುದಿಲ್ಲ ಎಂಬುದು ಬ್ಯಾಂಕರುಗಳಿಗೆ ಮನವರಿಕೆಯಾದದ್ದು ಭಾಷಣದಿಂದಲ್ಲ, ಟಾರ್ಟುವಿನ ಬೀಗದಿಂದ.

ದರ ಸ್ಥಿರ, ಆದರೂ ಹಣದುಬ್ಬರ ಏಕೆ?

ಕ್ರೋನ್ ಬಂದ ಮರುವರ್ಷ, 1993ರಲ್ಲಿ, ಹಣದುಬ್ಬರ ಸುಮಾರು ಶೇ 90. 1994ರಲ್ಲಿ ಸುಮಾರು 48, 1995ರಲ್ಲಿ 29. ಮಾರ್ಕ್‌ಗೆ ಕಟ್ಟಿದ ಹಣಕ್ಕೆ ಜರ್ಮನಿಯ ಹಣದುಬ್ಬರವೇ ಬರಬೇಕಲ್ಲವೇ?

ಇಲ್ಲ, ಏಕೆಂದರೆ 8ರ ದರವನ್ನು ಬೇಕೆಂದೇ ಅಗ್ಗವಾಗಿ ಇಟ್ಟಿದ್ದರು. ಮಾರ್ಕ್ ಲೆಕ್ಕದಲ್ಲಿ ಎಸ್ಟೋನಿಯಾದ ಸಂಬಳ ಮತ್ತು ಬೆಲೆ ಅತಿ ಕಡಿಮೆ ಇದ್ದವು, ಅವು ಮೇಲೇರಲು ಜಾಗವಿತ್ತು. ಬಾಡಿಗೆ, ಬಿಸಿನೀರು, ವಿದ್ಯುತ್ತಿನಂಥ ಸರ್ಕಾರಿ ಬೆಲೆಗಳು ಹಂತ ಹಂತವಾಗಿ ವೆಚ್ಚದ ಮಟ್ಟಕ್ಕೆ ಬಂದವು. ರಷ್ಯಾದ ಇಂಧನ ವಿಶ್ವ ಬೆಲೆಯತ್ತ ಜಿಗಿದಿತ್ತು. ಜೊತೆಗೆ ರಫ್ತು ವಲಯದ ಉತ್ಪಾದಕತೆ ಏರಿದಂತೆ ಅಲ್ಲಿನ ಸಂಬಳ ಏರಿ, ಕ್ಷೌರ, ರಿಪೇರಿಯಂಥ ಸೇವೆಗಳ ದರವನ್ನೂ ಎಳೆದೊಯ್ಯಿತು. ಪಠ್ಯದಲ್ಲಿ ಬಾಲಾಸ-ಸ್ಯಾಮ್ಯುಯೆಲ್ಸನ್ ಪರಿಣಾಮ ಎಂದು ಓದಿರುವುದು ಇದನ್ನೇ.

ನೈಜ ವಿನಿಮಯ ದರದ (ಎರಡೂ ದೇಶಗಳ ಬೆಲೆ ಏರಿಕೆಯನ್ನು ಸೇರಿಸಿ ನೋಡುವ ದರದ) ಲೆಕ್ಕ ಹೀಗೆ: ಒಳಗೆ ಶೇ 90, ಜರ್ಮನಿಯಲ್ಲಿ ಸುಮಾರು ಶೇ 4.5 ಎಂದರೆ 1.90 ÷ 1.045 = 1.82. ನಾಮಮಾತ್ರ ದರ ಅಲುಗದೆಯೇ ಕ್ರೋನ್ ನೈಜವಾಗಿ ಶೇ 82ರಷ್ಟು ದುಬಾರಿಯಾಯಿತು. ಆರಂಭದಲ್ಲಿ ದರ 8ರ ಬದಲು 4 ಇದ್ದಿದ್ದರೆ ರಫ್ತುದಾರರು ಒಂದೇ ವರ್ಷದಲ್ಲಿ ನೆಲ ಕಚ್ಚುತ್ತಿದ್ದರು.

ತೆರಿಗೆ, ವ್ಯಾಪಾರ, ಕಾರ್ಖಾನೆಗಳು

ಆಮದು ಸುಂಕಗಳು ಬಹುತೇಕ ಹೋದವು. 1990ರ ದಶಕದ ಮಧ್ಯದ ಹೊತ್ತಿಗೆ ಫಿನ್ಲೆಂಡ್ ಮುಖ್ಯ ವ್ಯಾಪಾರ ಪಾಲುದಾರನಾಗಿತ್ತು. 1994ರ ಜನವರಿಯಿಂದ ಎಲ್ಲರಿಗೂ ಶೇ 26ರ ಒಂದೇ ಆದಾಯ ತೆರಿಗೆ. ಒಂದೇ ದರ ಎಂದರೆ ಬಡವರು ಶ್ರೀಮಂತರು ಸಮಾನ ಪಾಲು ಕೊಡುತ್ತಾರೆ ಎಂದಲ್ಲ. ವಿನಾಯಿತಿ 20, ಆದಾಯ 100 ಎಂದಿಟ್ಟುಕೊಂಡರೆ ತೆರಿಗೆ 20.8; ಆದಾಯ 500 ಆದರೆ 124.8, ಅಂದರೆ ಸರಾಸರಿ ಸುಮಾರು ಶೇ 25. 2000ದಿಂದ ಕಂಪನಿಗಳ ಮರುಹೂಡಿಕೆಯ ಲಾಭಕ್ಕೆ ತೆರಿಗೆಯೇ ಇಲ್ಲ, ಲಾಭಾಂಶವಾಗಿ ಹಂಚಿದಾಗ ಮಾತ್ರ.

ಖಾಸಗೀಕರಣದಲ್ಲಿ ಎರಡು ದಾರಿ. ದೊಡ್ಡ ಕಾರ್ಖಾನೆಗಳಿಗೆ ಪೂರ್ವ ಜರ್ಮನಿಯ ಟ್ರಾಯ್‌ಹಾಂಡ್ ಮಾದರಿ: ಖಾಸಗೀಕರಣ ಏಜೆನ್ಸಿ ಟೆಂಡರ್ ಕರೆದು, ಬೆಲೆಯ ಜೊತೆಗೆ ಹೂಡಿಕೆ ಮತ್ತು ಉದ್ಯೋಗದ ಭರವಸೆಯನ್ನೂ ತೂಗಿ, ಒಬ್ಬ ಮುಖ್ಯ ಹೂಡಿಕೆದಾರರಿಗೆ ಮಾರಿತು. ವೋಚರ್‌ಗಳು ಇಲ್ಲಿಯೂ ಇದ್ದವು. ದುಡಿದ ವರ್ಷಗಳ ಲೆಕ್ಕದಲ್ಲಿ ಹಂಚಿದರು, ಹೆಚ್ಚಾಗಿ ವಾಸದ ಮನೆ ಮತ್ತು ಭೂಮಿ ಕೊಳ್ಳಲು ಬಳಕೆಯಾದವು. ರಷ್ಯಾದಲ್ಲಿ ತಲಾ 10,000 ರೂಬಲ್ ಮುಖಬೆಲೆಯ ವೋಚರ್ ಕಾರ್ಖಾನೆಯ ಷೇರಿಗೇ ಹೋಯಿತು, ಹಲವೆಡೆ ಹಳೆಯ ನಿರ್ದೇಶಕರೇ ಹಿಡಿತ ಉಳಿಸಿಕೊಂಡರು. ವೋಚರ್ ಇತ್ತೋ ಇಲ್ಲವೋ ಎಂಬುದಕ್ಕಿಂತ ಅದರಿಂದ ಏನು ಕೊಳ್ಳಬಹುದಿತ್ತು ಎಂದು ಕೇಳುವುದು ಒಳ್ಳೆಯ ಪ್ರಶ್ನೆ.

ಮೂರನೆಯದೊಂದು ತೊಡಕೂ ಇತ್ತು: 1940ರಲ್ಲಿ ರಾಷ್ಟ್ರೀಕರಣವಾದ ಮನೆಗಳು ಹಳೆಯ ಮಾಲೀಕರಿಗೆ ಅಥವಾ ವಾರಸುದಾರರಿಗೆ ಹಿಂದಿರುಗಿದವು. ಆ ಮನೆಗಳಲ್ಲಿ ದಶಕಗಳಿಂದ ಇದ್ದವರು ಇದ್ದಕ್ಕಿದ್ದಂತೆ ಖಾಸಗಿ ಬಾಡಿಗೆದಾರರಾದರು. ಪಕ್ಕದ ಸೋವಿಯತ್ ಕಾಲದ ಫ್ಲ್ಯಾಟಿನವರು ಮಾತ್ರ ವೋಚರ್ ಕೊಟ್ಟು ಮಾಲೀಕರಾದರು.

ಯಾರ ಹೆಗಲ ಮೇಲೆ ಹೊರೆ

ಉತ್ಪಾದನೆ 1980ರ ದಶಕದ ಕೊನೆಯ ಮಟ್ಟದಿಂದ ಸುಮಾರು ಮೂರನೇ ಒಂದರಷ್ಟು ಕುಸಿಯಿತು. ಪೆಟ್ಟು ಹೆಚ್ಚು ಬಿದ್ದದ್ದು ಪಿಂಚಣಿದಾರರಿಗೆ, ಹಳ್ಳಿಯ ಸಾಮೂಹಿಕ ಕೃಷಿಯ ಕಾರ್ಮಿಕರಿಗೆ, ಈಶಾನ್ಯದ ನಾರ್ವಾ ಕಡೆಯ ರಷ್ಯನ್ ಭಾಷಿಕ ಕಾರ್ಮಿಕರಿಗೆ. ನಾರ್ವಾದ ಪ್ರಸಿದ್ಧ ಕ್ರೆನ್‌ಹೋಮ್ ಬಟ್ಟೆ ಗಿರಣಿಯನ್ನು 1990ರ ದಶಕದಲ್ಲಿ ಸ್ವೀಡನ್ನಿನ ಕಂಪನಿಯೊಂದು ಕೊಂಡಿತು. 2010ರಲ್ಲಿ ಅದು ದಿವಾಳಿಯಾಯಿತು.

ರಾಜಕೀಯದ ಒಂದು ಅಂಶವನ್ನು ಹೊಗಳಿಕೆಯ ಬರಹಗಳು ನುಂಗಿಬಿಡುತ್ತವೆ. ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದ ಹೆಚ್ಚಿನವರಿಗೆ ತಾನಾಗಿ ಪೌರತ್ವ ಸಿಗಲಿಲ್ಲ, 1992ರ ಸೆಪ್ಟೆಂಬರ್ ಸಂಸತ್ ಚುನಾವಣೆಯಲ್ಲಿ ಅವರಿಗೆ ಮತವಿರಲಿಲ್ಲ. ಕ್ರೋನ್ ವಿನಿಮಯಕ್ಕೆ ನಿವಾಸವೊಂದೇ ಸಾಕಿತ್ತು, ಮತಕ್ಕೆ ಸಾಲದು. ಭಾರೀ ಕೈಗಾರಿಕೆ ಮುಚ್ಚುವುದರ ವಿರುದ್ಧ ಮತ ಹಾಕಬಹುದಾಗಿದ್ದ ಬಹಳ ಮಂದಿ ಮತಪಟ್ಟಿಯ ಹೊರಗಿದ್ದರು. ಆ ಚುನಾವಣೆಯ ನಂತರ ಬಂದ, 32ರ ಹರೆಯದ ಮಾರ್ಟ್ ಲಾರ್ ಅವರ ಸರ್ಕಾರದ ಧೈರ್ಯವನ್ನು ಅಳೆಯುವಾಗ ಇದನ್ನೂ ತಕ್ಕಡಿಗೆ ಹಾಕಬೇಕು.

ಯೂರೋವರೆಗೆ

1998ರ ರಷ್ಯಾ ಬಿಕ್ಕಟ್ಟಿನಲ್ಲಿ ಕೆಲವು ಬ್ಯಾಂಕುಗಳು ಮತ್ತೆ ಬಿದ್ದವು, ದೊಡ್ಡವು ಸ್ವೀಡನ್ನಿನ ಬ್ಯಾಂಕುಗಳ ಕೈಸೇರಿದವು. ಕರೆನ್ಸಿ ಬೋರ್ಡ್ ಅಲುಗಲಿಲ್ಲ. ಕಠಿಣ ಪರೀಕ್ಷೆ ಬಂದದ್ದು 2009ರಲ್ಲಿ: ಜಿಡಿಪಿ ಸುಮಾರು ಶೇ 14 ಕುಗ್ಗಿತು, 2010ರ ಆರಂಭದಲ್ಲಿ ನಿರುದ್ಯೋಗ ಶೇ 20ರ ಸಮೀಪ. ಅಪಮೌಲ್ಯೀಕರಣದ ಬದಲು ಸಂಬಳ ಮತ್ತು ಸರ್ಕಾರಿ ಖರ್ಚನ್ನೇ ಕತ್ತರಿಸಿದರು. ಅದು ಹಟವಷ್ಟೇ ಅಲ್ಲ. ಮನೆ ಸಾಲಗಳಲ್ಲಿ ಬಹುಪಾಲು ಯೂರೋದಲ್ಲಿದ್ದವು; ಕ್ರೋನ್ ಇಳಿದಿದ್ದರೆ ಸಾಲದ ಕಂತು ಅದೇ ದಿನ ಏರುತ್ತಿತ್ತು.

2011ರ ಜನವರಿ 1ರಂದು ಯೂರೋ ಬಂತು. ದರ: 1 ಯೂರೋಗೆ 15.6466 ಕ್ರೋನ್. ಈ ವಕ್ರ ಸಂಖ್ಯೆಯನ್ನು ಬಾಯಿಪಾಠ ಮಾಡಬೇಕಿಲ್ಲ. 1 ಯೂರೋ ಎಂದರೆ 1.95583 ಮಾರ್ಕ್ ಎಂದು ನಿಗದಿಯಾಗಿತ್ತು, ಅದನ್ನು 8ರಿಂದ ಗುಣಿಸಿದರೆ ಸಿಗುತ್ತದೆ. ನೆರೆಯ ಲಿಥುವೇನಿಯಾ 1994ರಲ್ಲಿ ಕರೆನ್ಸಿ ಬೋರ್ಡ್ ಮಾಡಿದಾಗ ಆರಿಸಿದ ಲಂಗರು ಡಾಲರ್, 4 ಲಿತಾಸ್‌ಗೆ 1. ವ್ಯಾಪಾರ ಯುರೋಪಿನತ್ತ ಹೊರಳಿದ ಮೇಲೆ ಡಾಲರ್ ಏರಿದಾಗಲೆಲ್ಲ ಅದರ ರಫ್ತು ದುಬಾರಿಯಾಗುತ್ತಿತ್ತು; ಕೊನೆಗೆ 2002ರ ಫೆಬ್ರವರಿಯಲ್ಲಿ 3.4528ರ ದರದಲ್ಲಿ ಯೂರೋಗೆ ಬದಲಾಯಿಸಿಕೊಂಡಿತು. ಎಸ್ಟೋನಿಯಾ ಆ ಬದಲಾವಣೆಗೆ ಕೈಹಾಕುವ ಅಗತ್ಯವೇ ಬೀಳಲಿಲ್ಲ.