ರಾತ್ರಿ ದುಡಿಯುವವರಿಗೆ ಮಲಗಲೊಂದು ಜಾಗ

ನಸುಕಿನ ಮೂರು ಗಂಟೆಗೆ ಕಾಸರಗೋಡು ರೈಲು ನಿಲ್ದಾಣದ ಹೊರಗೆ ಆಟೋದವರು ಹೇಗೆ ಮಲಗಿರುತ್ತಾರೆ ಅಂತ ನೋಡಿದ್ದೀರಾ? ಹಿಂದಿನ ಸೀಟಿನಲ್ಲಿ ಮೈ, ಮುಂದಿನ ಕಂಬಿಯ ಮೇಲೆ ಕಾಲು, ಒಂದು ಕಡೆ ವಾಲಿದ ಕುತ್ತಿಗೆ. ಫೋನು ಮತ್ತು ದುಡ್ಡು ಅಂಗಿಯೊಳಗೆ, ಅದರ ಮೇಲೊಂದು ಕೈ. ರೈಲು ಬರುವ ಘೋಷಣೆ ಕೇಳಿದ ಕೂಡಲೇ ಕಣ್ಣುಜ್ಜಿಕೊಂಡು ಬಾಡಿಗೆಗೆ ಎದ್ದೇಳುತ್ತಾರೆ. ಮಂಗಳೂರಿನಿಂದ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋಗುವ ಗ್ಯಾಸ್ ಟ್ಯಾಂಕರಿನವರು, ಮೀನಿನ ಲಾರಿಯವರು, ನಿಲ್ದಾಣ ಗುಡಿಸುವ ಹೆಂಗಸರು, ಇವರ ಪಾಡೂ ಹೆಚ್ಚುಕಡಿಮೆ ಹೀಗೇ. ನಾವು ಇದನ್ನು ವಿಶ್ರಾಂತಿ ಅಂದುಕೊಂಡು ಸುಮ್ಮನಿದ್ದೇವೆ.

ಮೆದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಚಿಕ್ಕ ಗುಂಪೊಂದಿದೆ. ದೇಹದ ಮುಖ್ಯ ಗಡಿಯಾರ ಅದು. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಶ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ನಸುಕಿನ ಮೂರರಿಂದ ಐದರ ಹೊತ್ತಿಗೆ ಮೈಯ ಬಿಸಿ ಇಳಿದಿರುತ್ತದೆ, ಎಚ್ಚರವೂ ಇಳಿದಿರುತ್ತದೆ. "ನಮಗೆ ಅಭ್ಯಾಸ ಆಗಿಬಿಟ್ಟಿದೆ" ಅಂತ ರಾತ್ರಿ ಪಾಳಿಯವರು ಹೇಳುತ್ತಾರೆ. ಆದರೆ ವರ್ಷಗಟ್ಟಲೆ ದುಡಿದರೂ ಹೆಚ್ಚಿನವರಲ್ಲಿ ಈ ಗಡಿಯಾರ ಪೂರ್ತಿ ರಾತ್ರಿಯ ಕಡೆಗೆ ತಿರುಗುವುದಿಲ್ಲ. ಮನೆಗೆ ಹೋಗುವ ದಾರಿಯ ಬಿಸಿಲೇ ಅದನ್ನು ದಿನಾ ಹಗಲಿಗೆ ಹೊಂದಿಸಿಬಿಡುತ್ತದೆ.

ಇನ್ನೊಂದು ಕಡೆ, ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಏರುತ್ತಾ ಹೋಗುತ್ತದೆ. ಕಣ್ಣು ಎಳೆಯುವುದು ಇದರಿಂದ. ತಟ್ಟುಕಡೆಯ, ಅಂದರೆ ರಸ್ತೆಬದಿ ಗೂಡಂಗಡಿಯ, ಕಟ್ಟನ್ ಚಾಯ (ಹಾಲು ಹಾಕದ ಚಹಾ) ಇದನ್ನು ಇಳಿಸುವುದಿಲ್ಲ. ಅದರಲ್ಲಿರುವ ಕೆಫೀನ್, ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು ಸ್ವಲ್ಪ ಹೊತ್ತು ಮರೆಸುತ್ತದೆ, ಅಷ್ಟೇ. ಹೀಗೆ ಏರಿದ ನಿದ್ದೆಯ ಸಾಲ ತೀರಬೇಕಾದರೆ ನಿದ್ದೆಯೇ ಆಗಬೇಕು.

1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಹೋಲಿಕೆ ಮಾಡಿ ನೋಡಿದರು. 17 ಗಂಟೆ ನಿದ್ದೆಗೆಟ್ಟವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರಷ್ಟೇ ಕೆಟ್ಟಿತ್ತು. ನಮ್ಮ ದೇಶದಲ್ಲಿ ಚಾಲಕರಿಗೆ ಕಾನೂನಿನ ಮಿತಿ 30 ಮಿಲಿಗ್ರಾಂ. ಕುಡಿದವರನ್ನು ಊದಿಸಿ ಹಿಡಿಯಬಹುದು, ನಿದ್ದೆಗೆಟ್ಟವರನ್ನು ಹಾಗೆ ಹಿಡಿಯಲಾಗದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಜೋಂಪು ಹತ್ತಿದರೆ ಗಾಡಿ ಸುಮಾರು 90 ಮೀಟರ್ ತನ್ನಷ್ಟಕ್ಕೆ ಓಡಿರುತ್ತದೆ. ಗ್ಯಾಸ್ ಟ್ಯಾಂಕರ್ ಆಗಿದ್ದರೆ?

ಸ್ವಲ್ಪವೇ ನಿದ್ದೆಯಿಂದಲೂ ತುಂಬಾ ಉಪಕಾರವಿದೆ. ನಾಸಾದ ಒಂದು ಅಧ್ಯಯನದಲ್ಲಿ ದೂರ ಪ್ರಯಾಣದ ಪೈಲಟ್‌ಗಳಿಗೆ ಹಾರಾಟದ ನಡುವೆ 40 ನಿಮಿಷ ಬಿಡುವು ಕೊಟ್ಟರು. ಅವರು ಸರಾಸರಿ ಮಲಗಿದ್ದು 26 ನಿಮಿಷ. ಅಷ್ಟರಲ್ಲೇ ಕೆಲಸದ ಚುರುಕು 34%, ಎಚ್ಚರ 54% ಸುಧಾರಿಸಿತು. ಒಂದು ಎಚ್ಚರಿಕೆ ಮಾತ್ರ ಬೇಕು. ಗಾಢ ನಿದ್ದೆಯಿಂದ ತಟ್ಟನೆ ಎಬ್ಬಿಸಿದರೆ ಕಾಲು ಗಂಟೆ, ಅರ್ಧ ಗಂಟೆ ಮಂಕು ಕವಿದಿರುತ್ತದೆ. ಘೋಷಣೆ ಕೇಳಿ ಎದ್ದ ಆಟೋದವರು ಆ ಮಂಕಿನಲ್ಲೇ ಹ್ಯಾಂಡಲ್ ಹಿಡಿಯುತ್ತಾರೆ, ಅಲ್ವಾ?

ಹಾಗಾದರೆ ಇವರಿಗೆ ಮಲಗಲು ಒಂದು ಕೋಣೆಯಲ್ಲಿ ನಾಲ್ಕು ಬೆಂಚು ಹಾಕಿದರೆ ಸಾಕೇ? ಸಾಲದು. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ತೋರಿಸಿದಂತೆ, ಹೊಸ ಜಾಗದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮೆದುಳಿನ ಎಡಭಾಗ ಸ್ವಲ್ಪ ಎಚ್ಚರವಾಗಿದ್ದು ಕಾವಲು ಕಾಯುತ್ತದೆ. ದಿನಕ್ಕೊಂದು ಊರಿನಲ್ಲಿ, ಚಪ್ಪಲಿಯನ್ನೇ ತಲೆದಿಂಬು ಮಾಡಿ ಮಲಗುವ ಲಾರಿಯವರನ್ನು ನೆನೆಸಿಕೊಳ್ಳಿ. ಬ್ಯಾಗು ಇಡಲು ಬೀಗದ ಪೆಟ್ಟಿಗೆ, ಕಾವಲಿಗೆ ಒಬ್ಬರು, ಹೇಳಿದ ಹೊತ್ತಿಗೆ ಎಬ್ಬಿಸುವ ವ್ಯವಸ್ಥೆ, ಇವು ಸೌಕರ್ಯದ ಸಣ್ಣ ಸಂಗತಿಗಳಂತೆ ಕಂಡರೂ ನಿದ್ದೆಯ ಆಳ ನಿಂತಿರುವುದು ಇವುಗಳ ಮೇಲೆಯೇ. ನಮ್ಮ ಕರಾವಳಿಯ ಸೆಕೆಯೂ ಇದೆ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣಿಯದೆ ನಿದ್ದೆ ಹತ್ತುವುದಿಲ್ಲ. ಫ್ಯಾನು ಬೇಕೇ ಬೇಕು. ದೀಪ ಮಂದವಾಗಿರಬೇಕು, ನೀಲಿ ಛಾಯೆಯ ಬಿಳಿ ಟ್ಯೂಬ್‌ಲೈಟು ಬೇಡ. ಹೆಂಗಸರಿಗೆ ಪ್ರತ್ಯೇಕ ಕೋಣೆ, ಒಳಗಿನಿಂದ ಚಿಲಕ, ಪಕ್ಕದಲ್ಲೇ ಶೌಚಾಲಯ.

ರೈಲು ಓಡಿಸುವವರಿಗೆ ಪಾಳಿಯ ನಡುವೆ ಮಲಗಲು ರನ್ನಿಂಗ್ ರೂಮ್ ಇದೆ. ರಾತ್ರಿ ತಂಗಬೇಕಾದ ಕಡೆ ಕಾರ್ಮಿಕರಿಗೆ ಮಾಲೀಕರು ವಿಶ್ರಾಂತಿ ಕೋಣೆ ಕೊಡಬೇಕು ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಹೇಳಿತ್ತು. ಆದರೆ ಸ್ವಂತ ಆಟೋ ಓಡಿಸುವವರಿಗೆ ಮಾಲೀಕರು ಯಾರು? ಇಲ್ಲಿ ಪಂಚಾಯತಿ, ನಗರಸಭೆಗಳೇ ಮುಂದೆ ಬರಬೇಕು. ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ಕೂರಲು ಆಸನ ಕೊಡಲೇಬೇಕೆಂದು 2018ರಲ್ಲಿ ಕಾನೂನು ತಿದ್ದಿದ ರಾಜ್ಯ ಕೇರಳ. ಮಲಗುವ ಜಾಗದ ಮಾತನ್ನೂ ಇಲ್ಲಿಂದಲೇ ಎತ್ತುವುದು ನ್ಯಾಯ.

ಹೀಗೊಂದು ಕೋಣೆ ಆದರೆ ಬೆಳಗ್ಗೆ ಆರಕ್ಕೆ ಬೀಗ ಹಾಕಬಾರದು. ಪಾಳಿ ಮುಗಿಸಿ ಬದಿಯಡ್ಕಕ್ಕೋ ಉಪ್ಪಳಕ್ಕೋ ಬೈಕಿನಲ್ಲಿ ಹೊರಡುವ ಹೊತ್ತಿಗೇ ನಿದ್ದೆಯ ಒತ್ತಡ ಅತಿ ಹೆಚ್ಚು. ಅವರಿಗೆ ಅರ್ಧ ಗಂಟೆ ಮಲಗಿ, ಮುಖ ತೊಳೆದು, ಒಂದು ಚಾಯ ಕುಡಿದು ಹೋಗುವಷ್ಟು ಹೊತ್ತಾದರೂ ಬಾಗಿಲು ತೆರೆದಿರಲಿ.